ಕಾಯಿಲೆಯ ಮನೆಗೂ ಬೇಕು ಮುಯ್ಯಾಳು

ಜಾವಗಲ್ ಸೀಮೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದ ಸುದ್ದಿ ಬಂದರೆ ಜನ ಸುಮ್ಮನೆ ಕೂರುವುದಿಲ್ಲ. ಅರಸೀಕೆರೆಗೋ ಹಾಸನಕ್ಕೋ ಬಸ್ಸು ಹತ್ತಿ, ಹಣ್ಣು, ಬ್ರೆಡ್ಡು, ನಾಲ್ಕು ಎಳನೀರು ಹಿಡಿದು ನೋಡಿಕೊಂಡು ಬರುತ್ತಾರೆ. ಮಾತು ಬಿಟ್ಟ ದಾಯಾದಿಗಳೂ ಆ ಹೊತ್ತಿಗೆ ಮುನಿಸು ಬದಿಗಿಟ್ಟು ವಾರ್ಡಿನ ಬಾಗಿಲಿಗೆ ಬಂದು ನಿಲ್ಲುವುದುಂಟು. ಇದು ನಮ್ಮ ಬದುಕಿನ ಒಳ್ಳೆಯ ಪದ್ಧತಿಗಳಲ್ಲಿ ಒಂದು. ಆದರೆ ಅದು ರೂಪುಗೊಂಡದ್ದು ತುದಿ ಇರುವ ಕಾಯಿಲೆಗಳಿಗಾಗಿ. ಜ್ವರ, ಹೆರಿಗೆ, ಮುರಿದ ಕಾಲು, ಒಂದು ಆಪರೇಷನ್: ಎರಡು ಮೂರು ವಾರದಲ್ಲಿ ಇತ್ಯರ್ಥವಾಗುವಂಥವು. ಈಗ ನಮ್ಮ ಮನೆಗಳೊಳಗೆ ಬಂದು ನೆಲೆಸಿರುವ ಕಾಯಿಲೆಗಳು ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ‘ಇಂಡಿಯಾಬ್’ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ದೇಶದ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ; ವಯಸ್ಕರಲ್ಲಿ ಶೇ 35.5ರಷ್ಟು ಮಂದಿಗೆ ಬಿಪಿ ಇದೆ. ಇವೆರಡೂ ಕೆಡುತ್ತಾ ಹೋದಾಗ ಬರುವ ಮೂತ್ರಪಿಂಡದ ವೈಫಲ್ಯ, ಹೃದ್ರೋಗ, ಲಕ್ವ ಯಾವುವೂ ಹದಿನೈದು ದಿನಕ್ಕೆ ಹೊರಡುವ ಅತಿಥಿಗಳಲ್ಲ. ನೋಡಲು ಬಂದವರು ಮೊದಲ ತಿಂಗಳಲ್ಲೇ ಬಂದು ಮುಗಿಸುತ್ತಾರೆ. ಕಾಯಿಲೆ ಮಾತ್ರ ಹತ್ತಿಪ್ಪತ್ತು ವರ್ಷ ಉಳಿಯುತ್ತದೆ. ಆ ವರ್ಷಗಳಿಗೆ ನಮ್ಮಲ್ಲಿ ಪದ್ಧತಿಯೇ ಇಲ್ಲ ಎಂದೇನೂ ಅಲ್ಲ. ಇದೆ, ಆದರೆ ಅದನ್ನು ನಾವು ಹೊಲದಲ್ಲೇ ಬಿಟ್ಟಿದ್ದೇವೆ ಎಂಬುದು ಈ ಲೇಖನದ ವಾದ.

ಮೊದಲು ಒಂದು ಲೆಕ್ಕ ನೋಡೋಣ. ಎರಡೂ ಕಿಡ್ನಿ ಕೆಲಸ ನಿಲ್ಲಿಸಿದವರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕು. ನಮ್ಮ ಕಡೆ ಎರಡು ಸಲಕ್ಕೆ ನಿಭಾಯಿಸುವವರೇ ಹೆಚ್ಚು. ಪ್ರತಿ ಸಲ ಸುಮಾರು ನಾಲ್ಕು ಗಂಟೆ ಯಂತ್ರಕ್ಕೆ ಕೈಕೊಟ್ಟು ಮಲಗಬೇಕು. ಬಡವರಿಗೆ ಇದರ ಖರ್ಚು ಹಿಂದಿನಷ್ಟು ಇಲ್ಲ. 2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭಿಸಿದ ಮೇಲೆ ಬಿಪಿಎಲ್ ಕುಟುಂಬಗಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ಉಚಿತವಾಯಿತು. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಭರವಸೆ ಕೊಟ್ಟಿದೆ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಜೊತೆಗೆ ಹೋಗುವ ಹೆಂಡತಿಗೋ ಮಗಳಿಗೋ ಬಸ್ ಚಾರ್ಜೂ ಇಲ್ಲ. ಇಷ್ಟಾದರೂ ಯಾವ ಸರ್ಕಾರವೂ ಉಚಿತವಾಗಿ ಕೊಡಲಾಗದ ವಸ್ತು ಒಂದಿದೆ: ದಿನ. ಹಳ್ಳಿಯಿಂದ ಹೊರಟು, ಬಸ್ಸಿಗೆ ಕಾದು, ನಾಲ್ಕು ಗಂಟೆ ಯಂತ್ರದ ಪಕ್ಕ ಕೂತು, ಸುಸ್ತಾದವರನ್ನು ಕೈಹಿಡಿದು ಕರೆತರುವಷ್ಟರಲ್ಲಿ ಬೆಳಗು ಸಂಜೆಯಾಗಿರುತ್ತದೆ. ವಾರಕ್ಕೆ ಎರಡು ಸಲ ಎಂದರೆ ವರ್ಷಕ್ಕೆ 104 ದಿನ. ಮೂರು ಸಲವಾದರೆ 156. ಆ ದಿನಗಳಲ್ಲಿ ಹಸು ಹಾಲು ಕೊಡುವುದನ್ನು ನಿಲ್ಲಿಸುವುದಿಲ್ಲ, ಡೈರಿಯವರು ಹಾಲು ಅಳೆಯುವ ಹೊತ್ತು ಮುಂದೆ ಹೋಗುವುದಿಲ್ಲ, ರಾಗಿ ಹೊಲದ ಕಳೆ ಕಾಯುವುದಿಲ್ಲ, ಮಕ್ಕಳು ಶಾಲೆಯಿಂದ ಹಸಿದು ಬರುವುದೂ ತಪ್ಪುವುದಿಲ್ಲ. ಈ 104 ದಿನವನ್ನು ಒಬ್ಬಳೇ ಹೆಂಗಸು ಹೊತ್ತರೆ ಅದು ಜೀವ ಹಿಂಡುವ ಹೊರೆ. ಅದನ್ನೇ ಎಂಟು ಮಂದಿ ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ ಬರುವುದು ಹದಿಮೂರು, ಅಂದರೆ ತಿಂಗಳಿಗೆ ಒಂದು ದಿನಕ್ಕಿಂತ ಸ್ವಲ್ಪ ಹೆಚ್ಚು.

ಹಂಚಿಕೊಳ್ಳುವುದು ಈ ಸೀಮೆಗೆ ಯಾರೂ ಹೊಸದಾಗಿ ಕಲಿಸಬೇಕಾದ ವಿದ್ಯೆಯಲ್ಲ. ಹಳೇ ಮೈಸೂರಿನ ರೈತರು ತಲೆತಲಾಂತರದಿಂದ ಮುಯ್ಯಾಳು ಲೆಕ್ಕದಲ್ಲಿ ನಾಟಿ, ಕಳೆ, ಕೊಯ್ಲು ಮಾಡಿದವರು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳಿದ್ದು ನಮ್ಮ ಹೊಲಕ್ಕೆ ನೀವು. ಕೂಲಿಯ ಮಾತಿಲ್ಲ, ಉಪಕಾರದ ಹಂಗೂ ಇಲ್ಲ. ಆ ಪದ್ಧತಿಯ ಗುಣ ಅದರ ಖಚಿತತೆಯಲ್ಲಿದೆ. ಯಾರು, ಯಾವ ದಿನ, ಯಾವ ಕೆಲಸಕ್ಕೆ ಎಂಬುದು ಮೊದಲೇ ಗೊತ್ತಿರುತ್ತದೆ. ಕೇಳಿಸಿಕೊಂಡು ಬರುವ ಪ್ರಮೇಯವಿಲ್ಲ. ಕಾಯಿಲೆಯ ಮನೆಯಲ್ಲಿ ನಾವು ಆಡುವ ಮಾತು ಇದಕ್ಕೆ ನೇರ ವಿರುದ್ಧ. “ಏನಾದ್ರೂ ಬೇಕಾದ್ರೆ ಸಂಕೋಚ ಪಟ್ಕೋಬೇಡಿ, ಒಂದು ಫೋನ್ ಮಾಡಿ” ಎನ್ನುತ್ತೇವೆ. ಮನಸ್ಸಿನಲ್ಲಿ ಕಪಟವಿಲ್ಲ, ನಿಜ. ಆದರೆ ಏನು ಬೇಕು ಎಂದು ಯೋಚಿಸುವ, ಯಾರನ್ನು ಕೇಳಬಹುದು ಎಂದು ಅಳೆಯುವ, ಕೇಳಿ ಇಲ್ಲ ಅನ್ನಿಸಿಕೊಳ್ಳುವ ಭಾರವೆಲ್ಲ ಆಗಲೇ ಸೋತಿರುವವರ ಹೆಗಲಿಗೆ ಬೀಳುತ್ತದೆ. ಅವರು ಫೋನ್ ಮಾಡುವುದಿಲ್ಲ. ಅದರ ಬದಲು “ಮಂಗಳವಾರ ಸಂಜೆ ನಿಮ್ಮನೆ ಹಾಲು ಡೈರಿಗೆ ನಾನು ಹಾಕ್ತೀನಿ” ಎಂದು ಒಬ್ಬ, “ಶುಕ್ರವಾರ ಆಸ್ಪತ್ರೆಗೆ ನಾನು ಜೊತೆಗೆ ಬರ್ತೀನಿ, ಅಕ್ಕ ಮನೇಲಿರ್ಲಿ” ಎಂದು ಇನ್ನೊಬ್ಬಳು ಹೇಳಿ ಅದನ್ನು ತಪ್ಪದೆ ನಡೆಸಿದರೆ, ಆ ಮನೆಗೆ ವಾರದಲ್ಲಿ ಎರಡು ಕಂಬ ಸಿಕ್ಕಂತಾಯಿತು.

ಹತ್ತಿರದವರ ನೆರವಿಗೆ ನಿಜಕ್ಕೂ ಇಷ್ಟು ಬೆಲೆ ಇದೆಯೇ, ಔಷಧಿ ತಾನೇ ಮುಖ್ಯ ಎಂದು ಕೇಳಬಹುದು. ಔಷಧಿ ಮುಖ್ಯವೇ. ಆದರೆ ದೀರ್ಘಕಾಲದ ಕಾಯಿಲೆ ಇರುವವರಲ್ಲಿ ಹೇಳಿದಂತೆ ಔಷಧಿ ತೆಗೆದುಕೊಳ್ಳುವವರ ಪ್ರಮಾಣ ಶ್ರೀಮಂತ ದೇಶಗಳಲ್ಲೂ ಸರಾಸರಿ ಶೇ 50 ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರ ವರದಿಯಲ್ಲೇ ಹೇಳಿದೆ. ಮಾತ್ರೆ ಬರೆಯುವುದು ವೈದ್ಯರ ಕೆಲಸ. ಅದು ಮುಗಿಯುವ ಮೊದಲು ಮತ್ತೆ ತಂದು, ಹೊತ್ತಿಗೆ ಸರಿಯಾಗಿ ಹೊಟ್ಟೆ ಸೇರುವಂತೆ ನೋಡುವುದು ಮನೆಯ ಕೆಲಸ. 2010ರಲ್ಲಿ ಅಮೆರಿಕದ ಜೂಲಿಯನ್ ಹೋಲ್ಟ್-ಲುನ್‌ಸ್ಟಾಡ್ ಮತ್ತು ಸಂಗಡಿಗರು ಮೂರು ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ 148 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಗಟ್ಟಿಯಾದ ಸಂಬಂಧಗಳಿರುವವರು ಬದುಕುಳಿಯುವ ಸಾಧ್ಯತೆ ಉಳಿದವರಿಗಿಂತ ಶೇ 50ರಷ್ಟು ಹೆಚ್ಚಾಗಿತ್ತು. ಅದೇ ಲೆಕ್ಕದ ಇನ್ನೊಂದು ಅಂಶ ನಮಗೆ ಹೆಚ್ಚು ಮುಖ್ಯ. ಒಂಟಿಯಾಗಿದ್ದಾರೋ ಯಾರ ಜೊತೆಗಾದರೂ ವಾಸವಾಗಿದ್ದಾರೋ ಎಂಬುದರ ಪ್ರಭಾವ ತೀರಾ ಕಡಿಮೆ ಇತ್ತು. ಹಲವು ಬಗೆಯ ಸಂಬಂಧಗಳಲ್ಲಿ ಬೆಸೆದುಕೊಂಡಿರುವುದರ ಪ್ರಭಾವ ಎಲ್ಲಕ್ಕಿಂತ ಹೆಚ್ಚಿತ್ತು. “ನಮ್ದು ತುಂಬಿದ ಮನೆ, ನೋಡ್ಕೊಳ್ಳೋಕೆ ಜನ ಇದ್ದಾರೆ” ಎಂದು ನೆಮ್ಮದಿಪಡುವವರು ಇದನ್ನು ಗಮನಿಸಬೇಕು.

ತುಂಬಿದ ಮನೆಯಲ್ಲೂ ನೋಡಿಕೊಳ್ಳುವವರು ಸಾಮಾನ್ಯವಾಗಿ ಒಬ್ಬರೇ, ಮತ್ತು ಆ ಒಬ್ಬರು ಹೆಂಗಸು. ಕೇಂದ್ರ ಸಾಂಖ್ಯಿಕ ಇಲಾಖೆಯ 2024ರ ಸಮಯ ಬಳಕೆ ಸಮೀಕ್ಷೆಯಂತೆ 15ರಿಂದ 59 ವರ್ಷದ ಹೆಂಗಸರಲ್ಲಿ ಶೇ 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದಾರೆ. ಗಂಡಸರಲ್ಲಿ ಅದು ಶೇ 21.4. ಹೀಗೆ ತೊಡಗಿದವರಲ್ಲಿ ಹೆಂಗಸರು ಆರೈಕೆಗೆ ದಿನಕ್ಕೆ 140 ನಿಮಿಷ ಕೊಟ್ಟರೆ ಗಂಡಸರು ಕೊಡುವುದು 74 ನಿಮಿಷ. ಅಡುಗೆ, ಪಾತ್ರೆ, ನೀರು, ಕಸ ಇದಕ್ಕೆ ಹೊರಗು. ಗಂಡಸಿಗೆ ಕಾಯಿಲೆ ಬಂದರೆ ಹೆಂಡತಿ ದುಡಿಮೆಯನ್ನೂ ಆರೈಕೆಯನ್ನೂ ಒಟ್ಟಿಗೆ ಹೊರುತ್ತಾಳೆ. ಹೆಂಗಸಿಗೇ ಬಂದರೆ ಎಷ್ಟೋ ಕಡೆ ಅವಳೇ ಎದ್ದು ಒಲೆ ಹಚ್ಚಿ ಆಮೇಲೆ ಆಸ್ಪತ್ರೆಗೆ ಹೊರಡುತ್ತಾಳೆ. 1999ರಲ್ಲಿ ಅಮೆರಿಕದ ರಿಚರ್ಡ್ ಷುಲ್ಜ್ ಮತ್ತು ಸ್ಕಾಟ್ ಬೀಚ್ ಪ್ರಕಟಿಸಿದ ಅಧ್ಯಯನವೊಂದು ಸಂಗಾತಿಯ ಆರೈಕೆ ಮಾಡುತ್ತಿದ್ದ ವೃದ್ಧರನ್ನು ನಾಲ್ಕು ವರ್ಷ ಗಮನಿಸಿತು. ಆರೈಕೆಯ ಒತ್ತಡದಲ್ಲಿ ನಲುಗಿದವರು ಸಾಯುವ ಅಪಾಯ ಅಂಥ ಹೊಣೆ ಇಲ್ಲದವರಿಗಿಂತ ಶೇ 63ರಷ್ಟು ಹೆಚ್ಚು ಎಂದು ಕಂಡುಬಂತು. ನೋಡಲು ಹೋದವರು ಮಂಚದ ಮೇಲಿರುವವರನ್ನಷ್ಟೇ ಮಾತಾಡಿಸಿ ಬರುವುದು ಈ ಕಾರಣಕ್ಕೆ ಅರ್ಧ ಕೆಲಸ. ಒಳಮನೆಯಲ್ಲಿ ಕಾಫಿ ಕಾಯಿಸುತ್ತಿರುವವಳು ಊಟ ಮಾಡಿದಳೇ, ಅವಳ ಮಂಡಿ ನೋವಿಗೆ ಔಷಧಿ ತಂದವರುಂಟೇ, ಅವಳು ತವರಿಗೆ ಹೋಗಿ ಎಷ್ಟು ದಿನವಾಯಿತು ಎಂದು ವಿಚಾರಿಸಬೇಕು. ಅದಕ್ಕಿಂತ ಮೊದಲು, ಕಾಫಿ ಬೇಡ ಎನ್ನಬೇಕು.

ಪ್ರೀತಿ ಇದ್ದರೂ ತಿಳಿವಳಿಕೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಈ ತೆಂಗಿನ ಸೀಮೆಯಲ್ಲಿ ಎಳನೀರಿಗಿಂತ ಬೇರೆ ಉದಾಹರಣೆ ಬೇಡ. ಬಿಸಿಲಿಗೆ, ಜ್ವರಕ್ಕೆ, ಉರಿಮೂತ್ರಕ್ಕೆ ಎಲ್ಲಕ್ಕೂ ನಾವು ಕೊಡುವುದು ಎಳನೀರು. ಆದರೆ ಅದರಲ್ಲಿ ಪೊಟ್ಯಾಸಿಯಂ ಬಹಳ. ಒಂದು ದೊಡ್ಡ ಲೋಟದಲ್ಲಿ ಸುಮಾರು 500 ಮಿಲಿಗ್ರಾಂನಷ್ಟು ಇರುತ್ತದೆ. ಕೆಲಸ ಮಾಡುವ ಕಿಡ್ನಿ ಅದನ್ನು ಹೊರಹಾಕುತ್ತದೆ. ಕೆಟ್ಟ ಕಿಡ್ನಿ ಹಾಕಲಾರದು. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪಿ, ನಿಂತೂ ಹೋಗಬಹುದು. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಬಾಳೆಹಣ್ಣು, ಕಿತ್ತಳೆ, ಮೋಸಂಬಿ ರಸವೂ ಹೀಗೆಯೇ. ದಿನಕ್ಕೆ ಇಷ್ಟೇ ನೀರು ಎಂಬ ಮಿತಿಯೂ ಇರುತ್ತದೆ. ಅವರ ಒಂದು ತೋಳಿನಲ್ಲಿ ಸೂಜಿ ಹಾಕಲೆಂದು ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿರುತ್ತಾರೆ. ಆ ಕೈಯಲ್ಲಿ ಭಾರ ಎತ್ತಬಾರದು, ಬಿಪಿ ನೋಡಬಾರದು. ಇಷ್ಟು ತಿಳಿದ ಗೆಳೆಯ ಸೊಸೈಟಿಯಿಂದ ಬರುವಾಗ ಮಾತಿಲ್ಲದೆ ಅಕ್ಕಿ ಚೀಲವನ್ನು ತಾನೇ ಹೆಗಲಿಗೇರಿಸುತ್ತಾನೆ. ಸಕ್ಕರೆ ಕಾಯಿಲೆಯವರಿಗೆ “ಹಬ್ಬದ ದಿನ ಒಂದು ಹೋಳಿಗೆಗೆ ಏನೂ ಆಗಲ್ಲ, ತಿನ್ನಿ” ಎನ್ನುವುದು, ಮುದ್ದೆ ಎಷ್ಟು ತಿಂದರೂ ಸಕ್ಕರೆ ಏರದು ಎಂದು ನಂಬಿಸುವುದು ನಿತ್ಯ ಕೇಳುವ ಮಾತು. ರಾಗಿಯಲ್ಲೂ ಪಿಷ್ಟವಿದೆ, ಅಳತೆ ಅದಕ್ಕೂ ಬೇಕು. ಇವೆಲ್ಲಕ್ಕಿಂತ ಭಯಂಕರವಾದದ್ದು ಟೈಪ್ 1 ಮಧುಮೇಹದ ಮಗುವಿನ ತಾಯಿಗೆ “ಸೂಜಿ ಬಿಡಿಸಿ, ನಮ್ಮೋರು ಬೇರು ಕೊಡ್ತಾರೆ” ಎಂಬ ಸಲಹೆ. ಆ ಮಗುವಿನ ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ಇಲ್ಲ. ಸೂಜಿ ನಿಂತರೆ ಕೆಲವೇ ದಿನಗಳಲ್ಲಿ ಜೀವ ಹೋಗುತ್ತದೆ. ಲಕ್ಷ್ಮೀನರಸಿಂಹನಿಗೆ ಹರಕೆ ಹೊರುವುದಾಗಲಿ, ಜಾವಗಲ್ ದರ್ಗಾಕ್ಕೆ ಹೋಗಿ ಬೇಡಿಕೊಳ್ಳುವುದಾಗಲಿ ಮನಸ್ಸಿಗೆ ಬಲ ಕೊಡುತ್ತದೆ. ಅದನ್ನು ಬಿಡಿ ಎನ್ನುವ ಹಕ್ಕು ಯಾರಿಗೂ ಇಲ್ಲ. ಹರಕೆಯ ಜೊತೆ ಸೂಜಿಯೂ ನಡೆಯಲಿ ಎಂದು ಒತ್ತಿ ಹೇಳುವುದು ಮಾತ್ರ ಹತ್ತಿರದವರ ಕರ್ತವ್ಯ. ಪಾಳಿ ಹಿಡಿಯುವವರು ಒಮ್ಮೆ ರೋಗಿಯ ಜೊತೆ ವೈದ್ಯರ ಬಳಿ ಹೋಗಿ ಏನು ಕೊಡಬಹುದು, ಏನು ಕೂಡದು, ಯಾವ ಲಕ್ಷಣ ಕಂಡರೆ ತಡಮಾಡದೆ ಹೊರಡಬೇಕು ಎಂದು ಕೇಳಿ ಬರೆದುಕೊಂಡು ಬರುವುದು ಒಳ್ಳೆಯದು.

ಇದೆಲ್ಲ ಸರ್ಕಾರದ ಕೆಲಸ, ಜನರ ತಲೆಗೆ ಕಟ್ಟಬೇಡಿ ಎಂಬ ಆಕ್ಷೇಪಕ್ಕೆ ಬಲವಿದೆ. ಸಾವಿರ ಜನರಿಗೊಬ್ಬರಂತೆ ಇರುವ ಆಶಾ ಕಾರ್ಯಕರ್ತೆಯ ಮೇಲೆ ಇನ್ನೆಷ್ಟು ಹೊರಿಸುವುದು? ತಜ್ಞ ವೈದ್ಯರು, ಔಷಧಿ, ಆಂಬುಲೆನ್ಸ್ ಸರ್ಕಾರವೇ ಕೊಡಬೇಕು; ನೆರೆಹೊರೆಯವರು ಅದಕ್ಕೆ ಬದಲಿಯಾಗಲಾರರು. ಆದರೆ ನೆರೆಯವರು ಕೈಹಾಕಿದರೆ ಸರ್ಕಾರ ಕೈಬಿಡುತ್ತದೆ ಎಂಬ ಭಯವನ್ನು ಪಕ್ಕದ ಕೇರಳದ ಅನುಭವ ಪುಷ್ಟೀಕರಿಸುವುದಿಲ್ಲ. ಕೋಯಿಕ್ಕೋಡಿನಲ್ಲಿ 1993ರಲ್ಲಿ ಆರಂಭವಾದ ಉಪಶಾಮಕ ಚಿಕಿತ್ಸೆಯ ಕೆಲಸ ಮಲಪ್ಪುರಂ ಮೊದಲಾದ ಕಡೆ ಊರವರದೇ ಜಾಲವಾಗಿ ಬೆಳೆಯಿತು. ವಾರಕ್ಕೆ ಕನಿಷ್ಠ ಎರಡು ಗಂಟೆ ಕೊಡಬಲ್ಲವರನ್ನು ಸೇರಿಸಿಕೊಂಡು, 16 ಗಂಟೆಗಳ ತರಬೇತಿ ಕೊಟ್ಟು, ನರ್ಸ್ ಮತ್ತು ವೈದ್ಯರ ಬೆಂಬಲದೊಂದಿಗೆ ಮನೆಮನೆಗೆ ಕಳಿಸಿದರು. ಕ್ಯಾನ್ಸರ್ ರೋಗಿಗಳಿಂದ ಶುರುವಾದದ್ದು ಲಕ್ವ ಹೊಡೆದವರು, ಕಿಡ್ನಿ ರೋಗಿಗಳು, ಹಾಸಿಗೆ ಹಿಡಿದ ವೃದ್ಧರವರೆಗೆ ಹಬ್ಬಿತು. 2008ರಲ್ಲಿ ಕೇರಳ ಸರ್ಕಾರ ಇದಕ್ಕಾಗಿ ನೀತಿಯೊಂದನ್ನೇ ಹೊರಡಿಸಿ, ಸ್ಥಳೀಯ ಸಂಸ್ಥೆಗಳನ್ನು ಇದರೊಳಗೆ ತಂದಿತು. ಜನ ಮುಂದೆ ನಡೆದರು, ಸರ್ಕಾರ ಹಿಂದಿನಿಂದ ಬಂತು. ನಮ್ಮಲ್ಲಿ ಇಂಥದ್ದಕ್ಕೆ ನೆಲೆಯೇ ಇಲ್ಲ ಎನ್ನಲಾಗದು. 2000–01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಾಗಿನಿಂದ ಹಳ್ಳಿಯ ಹೆಂಗಸರು ವಾರವಾರ ಸಭೆ ಸೇರಿ, ಉಳಿತಾಯದ ಒಂದು ರೂಪಾಯಿಯೂ ತಪ್ಪದಂತೆ ಲೆಕ್ಕ ಇಟ್ಟುಕೊಂಡು ಬಂದಿದ್ದಾರೆ. ಅದೇ ಪುಸ್ತಕದ ಕೊನೆಯ ಪುಟದಲ್ಲಿ ಯಾರ ಮನೆಗೆ ಯಾವ ದಿನ ಯಾರು ಎಂದು ಬರೆಯಲು ಹೊಸ ಸಂಘ ಕಟ್ಟಬೇಕಿಲ್ಲ. ಇಲ್ಲಿ ಗಂಡಸರನ್ನೂ ಹೆಸರು ಹಿಡಿದು ಸೇರಿಸಬೇಕು. ಇಲ್ಲವಾದರೆ ಒಬ್ಬ ಹೆಂಗಸಿನ ಹೊರೆಯನ್ನು ಎಂಟು ಹೆಂಗಸರ ಮೇಲೆ ಹರಡಿದಂತಾಗುತ್ತದೆ ಅಷ್ಟೆ.

ಇದಕ್ಕಿಂತ ಸೂಕ್ಷ್ಮವಾದ ಆಕ್ಷೇಪ ಮರ್ಯಾದೆಯದು. ಮನೆಯಲ್ಲಿ ಮೂರ್ಛೆ ರೋಗವೋ ಮಾನಸಿಕ ಕಾಯಿಲೆಯೋ ಕ್ಷಯವೋ ಇದೆಯೆಂದು ಊರಿಗೆ ತಿಳಿದರೆ ಮಗಳ ಮದುವೆಗೆ ಅಡ್ಡಿಯಾದೀತೆಂಬ ಭಯ ಸುಳ್ಳಲ್ಲ. ಎಷ್ಟೋ ಸಂಬಂಧಗಳು ಇಂಥ ಪಿಸುಮಾತಿನಿಂದಲೇ ಮುರಿದಿವೆ. ಆದ್ದರಿಂದ ಯಾರಿಗೆ ಎಷ್ಟು ಹೇಳಬೇಕೆಂಬುದು ರೋಗಿಯ ತೀರ್ಮಾನ, ಗಂಡನದೂ ಅಲ್ಲ, ಅತ್ತೆಯದೂ ಅಲ್ಲ. ಎಚ್‌ಐವಿ ವಿಷಯದಲ್ಲಂತೂ 2017ರ ಕಾಯ್ದೆ ಒಪ್ಪಿಗೆಯಿಲ್ಲದೆ ಹೊರಗೆಡಹುವುದನ್ನು ನಿಷೇಧಿಸಿದೆ. ಆದರೆ ಡೈರಿಗೆ ಹಾಲು ಹಾಕಲು, ಮಕ್ಕಳಿಗೆ ಪಾಠ ಹೇಳಿಕೊಡಲು, ಬ್ಯಾಂಕಿನಲ್ಲಿ ಸರತಿ ನಿಲ್ಲಲು ಕಾಯಿಲೆಯ ಹೆಸರು ಗೊತ್ತಿರಬೇಕಾಗಿಲ್ಲ. ಕೆದಕಿ ಕೇಳದಿರುವುದೂ ನೆರವಿನ ಒಂದು ಭಾಗ. ಮಕ್ಕಳೆಲ್ಲ ಬೆಂಗಳೂರು ಸೇರಿದ್ದಾರೆ, ಪಾಳಿಗೆ ಜನವೆಲ್ಲಿ ಎನ್ನುವವರಿಗೂ ಇಲ್ಲೇ ಉತ್ತರವಿದೆ. ದೂರದಲ್ಲಿರುವವರು ದುಡ್ಡು ಕಳಿಸಿ ಸುಮ್ಮನಾಗಬೇಕಿಲ್ಲ. ತಿಂಗಳ ಔಷಧಿ ಮುಗಿಯುವ ತಾರೀಕು ನೆನಪಿಡುವುದು, ಆಸ್ಪತ್ರೆಯ ಕಾಗದಪತ್ರ ಒಂದೆಡೆ ಜೋಡಿಸಿಡುವುದು, ವಿಮೆ ಮತ್ತು ಪಿಂಚಣಿಯ ಅರ್ಜಿಗಳನ್ನು ಬೆನ್ನಟ್ಟುವುದು ಫೋನಿನಲ್ಲೇ ಆಗುವ ಕೆಲಸಗಳು, ಊರಲ್ಲಿರುವವರಿಗೆ ಹೆಚ್ಚು ತಲೆನೋವು ತರುವವೂ ಇವೇ.

ಉಳಿದದ್ದು ಮುಯ್ಯಾಳಿನ ಒಳಗೇ ಇರುವ ತೊಡಕು. ಮುಯ್ಯಿ ಎಂದಮೇಲೆ ತೀರಿಸಬೇಕಲ್ಲ, ಹಾಸಿಗೆ ಹಿಡಿದವರು ಹೇಗೆ ತೀರಿಸಿಯಾರು? ಹೊಲದ ಲೆಕ್ಕದಲ್ಲೂ ಎಲ್ಲರೂ ಅದೇ ವರ್ಷ ಅದೇ ಕೆಲಸದಿಂದ ತೀರಿಸಿದ್ದಿಲ್ಲ. ಬಾಣಂತಿ ಇರುವ ಮನೆಯವರನ್ನು ಯಾರೂ ಆ ಸುಗ್ಗಿಯಲ್ಲಿ ಕರೆಯುತ್ತಿರಲಿಲ್ಲ. ದೀರ್ಘ ಕಾಯಿಲೆಯವರಲ್ಲಿ ಬಹುಪಾಲು ಜನ ಸದಾ ಮಲಗಿರುವವರೂ ಅಲ್ಲ. ಡಯಾಲಿಸಿಸ್ ಇಲ್ಲದ ದಿನ ಅವರು ಸಂಘದ ಲೆಕ್ಕ ಬರೆಯಬಲ್ಲರು, ಪಕ್ಕದ ಮನೆಯ ಮಗುವಿಗೆ ಮಗ್ಗಿ ಹೇಳಿಕೊಡಬಲ್ಲರು, ಎಲ್ಲರೂ ಹೊಲಕ್ಕೆ ಹೋದಾಗ ಒಣಹಾಕಿದ ಕೊಬ್ಬರಿ ಕಾಯಬಲ್ಲರು, ಹೊಸದಾಗಿ ಅದೇ ಕಾಯಿಲೆ ಬಂದು ಹೆದರಿದವರ ಪಕ್ಕ ಕೂತು, ಮೊದಲ ದಿನ ಯಂತ್ರದ ಮುಂದೆ ಏನಾಗುತ್ತದೆ ಎಂದು ಯಾವ ವೈದ್ಯರಿಗಿಂತಲೂ ಚೆನ್ನಾಗಿ ವಿವರಿಸಬಲ್ಲರು. “ನೀವು ಸುಮ್ನೆ ಕೂತ್ಕೊಳ್ಳಿ, ಏನೂ ಮಾಡ್ಬೇಡಿ” ಎಂದು ಕೈಯಿಂದ ಕೆಲಸ ಕಸಿದುಕೊಂಡರೆ ಅವರು ಮನೆಯ ಹಿರಿಯ, ಊರಿನ ಗೆಳೆಯ ಎಂಬುದೆಲ್ಲ ಹೋಗಿ ರೋಗಿ ಎಂಬುದೊಂದೇ ಉಳಿಯುತ್ತದೆ. ಏನು ಮಾಡಬಲ್ಲಿರಿ, ಯಾವುದು ಆಗದು ಎಂದು ಅವರನ್ನೇ ಕೇಳಿ ಪಾಳಿಯ ಪಟ್ಟಿಯಲ್ಲಿ ಅವರ ಹೆಸರನ್ನೂ ಸೇರಿಸಬೇಕು. ಆರು ತಿಂಗಳಿಗೊಮ್ಮೆ ಎಲ್ಲರೂ ಕೂತು ಆ ಪಟ್ಟಿಯನ್ನು ಮತ್ತೆ ಬರೆಯಬೇಕಾಗುತ್ತದೆ, ಏಕೆಂದರೆ ಅಷ್ಟರಲ್ಲಿ ಕಾಯಿಲೆಯೂ ಬದಲಾಗಿರುತ್ತದೆ, ಪಾಳಿ ಹಿಡಿದವರ ಮನೆಯ ಸ್ಥಿತಿಯೂ ಬದಲಾಗಿರುತ್ತದೆ.