ಜಠರದ ಎಂಡೋಸ್ಕೋಪಿ ಶಸ್ತ್ರಕ್ರಿಯೆಯ ನಂತರದ ಅಪರೂಪದ ಸೋಂಕುಗಳು

ಜಠರದ ಒಳಪದರದಲ್ಲಿ ಕಾಣಿಸಿಕೊಳ್ಳುವ ಆರಂಭಿಕ ಹಂತದ ಕ್ಯಾನ್ಸರ್ ಹಾಗೂ ಕ್ಯಾನ್ಸರ್‌ಪೂರ್ವ ಗಡ್ಡೆಗಳನ್ನು ಹೊಟ್ಟೆ ಕೊಯ್ಯದೆ, ಬಾಯಿಯ ಮೂಲಕ ಇಳಿಸಿದ ಎಂಡೋಸ್ಕೋಪ್‌ನಿಂದ ತೆಗೆಯಬಹುದು. ಇದಾದ ಬಳಿಕ ರಕ್ತಸ್ರಾವ ಮತ್ತು ಜಠರದ ಗೋಡೆಯಲ್ಲಿ ರಂಧ್ರವಾಗುವುದು ಚಿರಪರಿಚಿತ ತೊಡಕುಗಳು. ಗೋಡೆಗೆ ಸೋಂಕು ತಗಲುವುದು ಇವೆರಡಕ್ಕಿಂತ ಬಹಳ ವಿರಳ. ಆದರೆ ಗುರುತಿಸುವುದು ತಡವಾದರೆ ಪ್ರಾಣಾಪಾಯಕಾರಿ.

ಚಿಕಿತ್ಸಾ ವಿಧಾನ

ಎಂಡೋಸ್ಕೋಪಿಕ್ ಸಬ್‌ಮ್ಯೂಕೋಸಲ್ ಡಿಸೆಕ್ಷನ್ ಎಂಬ ವಿಧಾನವು 1990ರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ರೂಪುಗೊಂಡಿತು. 2006ರಲ್ಲಿ ಅಲ್ಲಿನ ಸಾರ್ವಜನಿಕ ಆರೋಗ್ಯ ವಿಮೆಯ ವ್ಯಾಪ್ತಿಗೆ ಸೇರಿತು. ಲೋಳೆಪೊರೆಯ ಕೆಳಗೆ ದ್ರವವನ್ನು ಚುಚ್ಚಿ ಗಡ್ಡೆಯನ್ನು ಮೇಲಕ್ಕೆತ್ತಿ, ವಿದ್ಯುತ್ ಚಾಕುವಿನಿಂದ ಇಡಿಯಾಗಿ ಬಿಡಿಸಲಾಗುತ್ತದೆ. ಉಳಿಯುವ ಹುಣ್ಣು ಮಾಯಲು ಸುಮಾರು 8 ವಾರ ಬೇಕು.

ಸೋಂಕಿನ ಬಗೆಗಳು

ಬಾಯಿಯ ಬ್ಯಾಕ್ಟೀರಿಯಾಗಳು ಎಂಡೋಸ್ಕೋಪ್‌ನೊಡನೆ ಜಠರಕ್ಕೆ ಇಳಿಯುತ್ತವೆ. ಕೆಲವೊಮ್ಮೆ ಅವು ರಕ್ತವನ್ನು ಸೇರಿದರೂ ಸಾಮಾನ್ಯವಾಗಿ ತೊಂದರೆ ಕೊಡದೆ ಅಳಿಯುತ್ತವೆ. ಆದ್ದರಿಂದಲೇ ಎಲ್ಲ ರೋಗಿಗಳಿಗೂ ಮುಂಜಾಗ್ರತೆಯ ಪ್ರತಿಜೀವಕ ನೀಡುವ ವಾಡಿಕೆಯಿಲ್ಲ. ಅರಿವಳಿಕೆಯ ಮಂಪರಿನಲ್ಲಿ ಜೊಲ್ಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವುದುಂಟು. ವೃದ್ಧರಲ್ಲಿ ಇದು ಅಷ್ಟೇನೂ ಅಪರೂಪವಲ್ಲ.

ನಿಜಕ್ಕೂ ಅಪರೂಪವಾದುದು ಫ್ಲೆಗ್ಮೊನಸ್ ಗ್ಯಾಸ್ಟ್ರೈಟಿಸ್, ಅಂದರೆ ಜಠರದ ಗೋಡೆಯೊಳಗೆ ಕೀವು ಹರಡುವ ಉರಿಯೂತ. ಸ್ಟ್ರೆಪ್ಟೊಕಾಕಸ್ ಗುಂಪಿನ ಬ್ಯಾಕ್ಟೀರಿಯಾಗಳು ಇದಕ್ಕೆ ಮುಖ್ಯ ಕಾರಣ. ಕೀವು ಒಂದೆಡೆ ನಿಂತರೆ ಗೋಡೆಯಲ್ಲಿ ಬಾವು ಕಟ್ಟುತ್ತದೆ. ಮಧುಮೇಹ, ಮದ್ಯಪಾನದ ಚಟ ಹಾಗೂ ರೋಗನಿರೋಧಕ ಶಕ್ತಿಯ ಕುಂದುವಿಕೆ ಅಪಾಯವನ್ನು ಹೆಚ್ಚಿಸುತ್ತವೆ. ಜಠರದ ಆಮ್ಲ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಸಹಜ ರಕ್ಷಣೆ. ಹುಣ್ಣು ಮಾಯಲೆಂದು ಕೊಡುವ ಔಷಧಗಳು ಅದೇ ಆಮ್ಲವನ್ನು ತಗ್ಗಿಸುತ್ತವೆ ಎಂಬುದು ಇಲ್ಲಿನ ವಿಪರ್ಯಾಸ. ಹಾಗೆಂದು ಆ ಔಷಧಗಳನ್ನು ಬಿಡುವಂತಿಲ್ಲ, ರಕ್ತಸ್ರಾವದ ಭಯ ಅದಕ್ಕಿಂತ ದೊಡ್ಡದು.

ಪತ್ತೆ

ಜ್ವರ, ಮೇಲ್ಹೊಟ್ಟೆಯ ತೀವ್ರ ನೋವು ಮತ್ತು ವಾಂತಿ ಪ್ರಮುಖ ಲಕ್ಷಣಗಳು. ವಿದ್ಯುತ್ ಚಾಕುವಿನ ಶಾಖದಿಂದಲೂ ಇಂಥದೇ ಜ್ವರ, ನೋವು ಬಂದು ಕೆಲವೇ ದಿನಗಳಲ್ಲಿ ಶಮನವಾಗುವುದರಿಂದ ಗೊಂದಲ ಸಹಜ. ಸಿ.ಟಿ. ಸ್ಕ್ಯಾನ್‌ನಲ್ಲಿ ಗೋಡೆ ದಪ್ಪಗಾಗಿರುವುದು ಅಥವಾ ಕೀವು ಕಂಡರೆ ಸೋಂಕಿನ ಶಂಕೆ ಬಲವಾಗುತ್ತದೆ. ಇಂತಹ ಚಿಕಿತ್ಸೆ ದೊರೆಯುವುದು ಹೆಚ್ಚಾಗಿ ದೊಡ್ಡ ನಗರಗಳಲ್ಲಿ. ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯಂತಹ ಊರಿನ ರೋಗಿಗೆ ಮನೆಗೆ ಮರಳಿದ ಮೇಲೆ ಜ್ವರ ಬಂದರೆ ಮೊದಲು ನೋಡುವವರು ಸ್ಥಳೀಯ ವೈದ್ಯರೇ. ಬಿಡುಗಡೆ ಪತ್ರವನ್ನು ತೋರಿಸದಿದ್ದರೆ ಅದು ಸಾಮಾನ್ಯ ಗ್ಯಾಸ್ಟ್ರಿಕ್ ನೋವೆಂದು ತೋರಬಹುದು.

ಚಿಕಿತ್ಸೆ

ಉಪವಾಸದಲ್ಲಿರಿಸಿ ರಕ್ತನಾಳದ ಮೂಲಕ ಪ್ರತಿಜೀವಕ ನೀಡಲಾಗುತ್ತದೆ. ಬಾವಿದ್ದರೆ ಕೀವನ್ನು ಹೊರತೆಗೆಯುತ್ತಾರೆ. ಗೋಡೆ ಕೊಳೆತರೆ ಅಥವಾ ಔಷಧಕ್ಕೆ ಸೋಂಕು ಬಗ್ಗದಿದ್ದರೆ ಜಠರವನ್ನು ಭಾಗಶಃ ಇಲ್ಲವೇ ಪೂರ್ತಿಯಾಗಿ ತೆಗೆಯಬೇಕಾಗುತ್ತದೆ. ಗುಣವಾದವರಲ್ಲೂ ಕೆಲವೊಮ್ಮೆ ಜಠರ ಕಿರಿದಾಗಿ ಆಹಾರ ಮುಂದೆ ಸಾಗಲು ಅಡಚಣೆಯಾಗುವುದುಂಟು.