ಸಾವಿರ ಪದಗಳ ಸಿರಿಯಜ್ಜಿ

ಮಾರಿಕಣಿವೆಯ ಕಟ್ಟೆ ದಾಟಿ, ಹಿರಿಯೂರು ಚಳ್ಳಕೆರೆಗಳ ಬಯಲನ್ನು ಹಾದು ಬರುವ ವೇದಾವತಿಯನ್ನು ಆಂಧ್ರದಲ್ಲಿ ತಡೆದು ನಿಲ್ಲಿಸುವುದು ಭೈರವಾನಿತಿಪ್ಪದ ಅಣೆಕಟ್ಟು. ಅಲ್ಲಿಯವರಿಗೆ ಅದು ಹಗರಿ. ಮಳೆ ಕೈಕೊಟ್ಟ ವರ್ಷ ಹೆಸರಿಗಷ್ಟೇ ಹೊಳೆ. ಆ ಊರಿರುವ ರಾಯದುರ್ಗ ಸೀಮೆಯನ್ನು 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ತೆಗೆದು ಆಂಧ್ರಕ್ಕೆ ಸೇರಿಸಿದರು. 1956ರಲ್ಲಿ ಕೇರಳಕ್ಕೆ ಸೇರಿಹೋದ ನಮಗೆ ಇಂಥ ಊರಿನ ಕತೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿಂದ ಹೊಳೆಯ ಮೇಲುಭಾಗಕ್ಕೆ ಸಾಗಿ ಕರ್ನಾಟಕದ ಚಳ್ಳಕೆರೆ ತಾಲೂಕನ್ನು ಹೊಕ್ಕರೆ ಯಲಗಟ್ಟೆ ಗೊಲ್ಲರಹಟ್ಟಿ ಇದೆ. ಸಿರಿಯಜ್ಜಿ ಬಾಳಿದ ಹಟ್ಟಿ ಅದು. ಕಾಡುಗೊಲ್ಲರ ಮನೆಯ ಈ ಅಜ್ಜಿಗೆ ಓದು ಬರಹ ಬಾರದು. ಆದರೆ ಬಾಯಲ್ಲಿ ಸಾವಿರಾರು ಪದಗಳು. ದನ ಕಾಯುತ್ತ ದೇವರಾದ ಜುಂಜಪ್ಪ, ಎತ್ತಪ್ಪ ಮೊದಲಾದ ವೀರರ ಪದಗಳು, ಮದುವೆಯ ಸೋಬಾನೆ, ಬೀಸುವಾಗಿನ ಹಾಡು, ಹೀಗೆ. ಇವನ್ನು ಕಲಿಸುವ ಶಾಲೆ ಎಲ್ಲಿದೆ? ಅಜ್ಜಿಯಿಂದ ಮೊಮ್ಮಗಳಿಗೆ, ಅತ್ತೆಯಿಂದ ಸೊಸೆಗೆ, ಕೆಲಸದ ನಡುವೆಯೇ ಇವು ದಾಟಬೇಕು.

ಬಾಯಿಪಾಠವೆಂದರೆ ಗಿಳಿಪಾಠ ಎಂದು ತಿಳಿದ ವಿದ್ಯಾವಂತರು ನಮ್ಮಲ್ಲಿ ಕಡಮೆಯಿಲ್ಲ. ಅದು ಸರಿಯಲ್ಲ. ಮದುವೆಯ ಚಪ್ಪರದಲ್ಲಿ ಹೊತ್ತು ನೋಡಿ ಪದವನ್ನು ಹಿಗ್ಗಿಸಬೇಕು, ಕುಗ್ಗಿಸಬೇಕು, ಎದುರು ಕುಳಿತ ಬೀಗರ ಹೆಸರನ್ನು ಸಾಲಿಗೆ ಹೊಂದಿಸಬೇಕು. ಇದು ಕವಿಯ ಕೆಲಸವಲ್ಲದೆ ಮತ್ತೇನು? ಹಟ್ಟಿಯ ಹೆಂಗಸರ ಬದುಕೇನೂ ಹಾಡಿನಷ್ಟು ಸೊಗಸಾಗಿರಲಿಲ್ಲ. ಬಾಣಂತಿಯೂ ಹಟ್ಟಿಯ ಹೊರಗೆ ಗುಡಿಸಲಲ್ಲಿ ದಿನ ಕಳೆಯಬೇಕೆಂಬ ಕಟ್ಟಳೆ ಅವರದು. ಅಂಥ ಬಾಳಿನ ಒಳಗಿಂದ ಈ ಪದಗಳು ಬಂದವು ಎಂಬುದನ್ನು ಹೊಗಳುವ ಭರದಲ್ಲಿ ಮರೆಯಬಾರದು.

ಕೃಷ್ಣಮೂರ್ತಿ ಹನೂರರು ಸಿರಿಯಜ್ಜಿಯ ಪದಗಳನ್ನು ಕೇಳಿ ಬರೆದುಕೊಂಡರು. 'ಸಾವಿರದ ಸಿರಿ ಬೆಳಗು' ಎಂಬ ಪುಸ್ತಕವಾಯಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಜ್ಜಿಗೆ ನಾಡೋಜ ಗೌರವವನ್ನಿತ್ತಿತು. ಅಕ್ಷರ ಕಲಿಯದ ಮುದುಕಿಗೆ ವಿಶ್ವವಿದ್ಯಾಲಯ ತಲೆಬಾಗಿದ್ದು ನಮಗಂತೂ ದೊಡ್ಡ ಸಂತೋಷ. ಅಜ್ಜಿ ಇಂದಿಲ್ಲ. ಬರೆದುಕೊಂಡಷ್ಟು ಉಳಿಯಿತು.

ನಮ್ಮ ತುಳುನಾಡಿನಲ್ಲೂ ಹೀಗೆಯೇ ಒಂದು ದೊಡ್ಡ ಹಾಡು ಉಳಿದುಕೊಂಡಿತು. ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹಾಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡರ ಜೊತೆಗೂಡಿ 1990ರಲ್ಲಿ ಧ್ವನಿಮುದ್ರಿಸಿದರು. 1998ರಲ್ಲಿ ಅಚ್ಚಾದಾಗ ಸಾಲುಗಳ ಲೆಕ್ಕ 15,683.

ಕರ್ನಾಟಕದ ಹಟ್ಟಿಗೆ ವಿದ್ವಾಂಸರು ಹೋದರು, ವಿಶ್ವವಿದ್ಯಾಲಯ ಹೋಯಿತು. ಗಡಿಯಾಚೆ ರಾಯದುರ್ಗ, ಮಡಕಶಿರಾ ಕಡೆಯ ಕನ್ನಡದ ಮನೆಗಳಲ್ಲಿಯೂ ಅಜ್ಜಿಯರಿದ್ದಾರೆ. ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿದೆ, ಮೊಮ್ಮಕ್ಕಳು ತೆಲುಗು ಶಾಲೆಗೆ ಹೋಗುತ್ತಾರೆ. ಅವರೆದುರು ಪುಸ್ತಕ ಹಿಡಿದು ಕುಳಿತುಕೊಳ್ಳುವುದು ಯಾವ ಸರಕಾರದ ಕೆಲಸ, ಆಂಧ್ರದ್ದೋ ಕರ್ನಾಟಕದ್ದೋ? ಕಾಸರಗೋಡಿನವರಾದ ನಾವು ಈ ಪ್ರಶ್ನೆಯನ್ನು ನಮ್ಮ ಮನೆಯ ಅಜ್ಜಿಯರ ವಿಷಯದಲ್ಲೂ ಕೇಳುತ್ತ ಬಂದಿದ್ದೇವೆ.