ರಾತ್ರಿಪಾಳಿಯ ಕಣ್ಣು

ಆಷಾಢದ ಮಳೆ ಹಿಡಿದರೆ ಕಾರ್ಗಲ್ಲಿನಲ್ಲಿ ಹಗಲಿಗೂ ಇರುಳಿಗೂ ಹೆಚ್ಚು ಅಂತರ ಉಳಿಯುವುದಿಲ್ಲ. ಪೇಟೆಯ ಅಂಗಡಿಗಳಲ್ಲಿ ಮಧ್ಯಾಹ್ನಕ್ಕೇ ದೀಪ. ಕಾಲೊನಿಯ ಹೆಂಚುಗಳ ಮೇಲೆ ಪಾಚಿ ದಪ್ಪಗೆ ಕೂತಿರುತ್ತದೆ, ಹಗ್ಗದ ಮೇಲಿನ ಬಟ್ಟೆ ಒಣಗುವ ಮಾತೇ ಇಲ್ಲ. ಜೋಗದ ಕಡೆಯಿಂದ ಮಂಜು ರಸ್ತೆಗಿಳಿದಾಗ ಎದುರಿನ ಬಸ್ಸು ಮೊದಲು ಬರೀ ಸದ್ದು, ಆಮೇಲೆ ಎರಡು ಹಳದಿ ಚುಕ್ಕೆ, ತೀರ ಹತ್ತಿರ ಬಂದಮೇಲಷ್ಟೇ ಬಸ್ಸು. ಆ ಮಳೆಯಲ್ಲೇ ಊಟದ ಡಬ್ಬಿ, ಟಾರ್ಚು, ಕೊಡೆ ಹಿಡಿದು ರಾತ್ರಿಪಾಳಿಯವರು ಹೊರಡುತ್ತಾರೆ.

ಅವರ ಕೆಲಸ ಕಾಯುವುದು. ಊರಿನ ಪಕ್ಕದಲ್ಲೇ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು; 11 ಗೇಟು, ಸಮುದ್ರಮಟ್ಟದಿಂದ 1,819 ಅಡಿಗೆ ಭರ್ತಿ. ಇಲ್ಲಿಂದ ಹೊರಟ ನೀರು ತಳಕಳಲೆ ಜಲಾಶಯದಲ್ಲಿ ತಂಗಿ, ದೈತ್ಯ ಕೊಳವೆಗಳಲ್ಲಿ ಕಣಿವೆಗೆ ಧುಮುಕಿ, ಶರಾವತಿ ವಿದ್ಯುದಾಗಾರದ 10 ಯಂತ್ರಗಳನ್ನು ತಿರುಗಿಸುತ್ತದೆ. ಒಟ್ಟು 1,035 ಮೆಗಾವಾಟ್. ಯಂತ್ರದ ವೇಗವನ್ನು ಗವರ್ನರ್ ಎಂಬ ಸಾಧನ ತಾನೇ ಹಿಡಿದಿಡುತ್ತದೆ, ಎಲ್ಲಾದರೂ ದೋಷ ಕಂಡರೆ ರಿಲೇ ತಾನೇ ಟ್ರಿಪ್ ಮಾಡಿ ಯಂತ್ರವನ್ನು ನಿಲ್ಲಿಸುತ್ತದೆ. ಮನುಷ್ಯನ ಪಾಲಿಗೆ ಉಳಿದದ್ದು ನೋಡುತ್ತ ಕೂರುವುದು. 50 ಹರ್ಟ್ಸಿನ ಆಸುಪಾಸಿನಲ್ಲಿ ನಡುಗುವ ಅಂಕಿ, ಹಸಿರು ದೀಪಗಳ ಸಾಲು, ಒಂದೇ ಶ್ರುತಿಯ ಗುಂಯ್‌ಗುಡುವಿಕೆ.

ಇದನ್ನು ಸುಲಭದ ಕೆಲಸವೆಂದುಕೊಂಡವರು ಒಂದು ರಾತ್ರಿಯೂ ಕಾದವರಲ್ಲ.

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಗೆ ಇಂಥ ಕಾಯುವಿಕೆಯದೇ ಚಿಂತೆ ಕಾಡಿತ್ತು. ರಾಡಾರ್ ಪರದೆಯ ಮುಂದೆ ಕೂತ ಚುರುಕು ಹುಡುಗರಿಗೆ ಜಲಾಂತರ್ಗಾಮಿಯ ಗುರುತು ಕಣ್ಣೆದುರೇ ತಪ್ಪಿಹೋಗುತ್ತಿತ್ತು. ಮನೋವಿಜ್ಞಾನಿ ನಾರ್ಮನ್ ಮ್ಯಾಕ್‌ವರ್ತ್ ಒಂದು ಗಡಿಯಾರ ಮಾಡಿಸಿದರು. ಮುಳ್ಳು ಸೆಕೆಂಡಿಗೊಂದು ಹೆಜ್ಜೆ ಇಡುತ್ತದೆ, ಎಲ್ಲೋ ಅಪರೂಪಕ್ಕೆ ಒಮ್ಮೆಗೇ ಎರಡು ಹೆಜ್ಜೆ ಜಿಗಿಯುತ್ತದೆ. ಆ ಜಿಗಿತವನ್ನು ಹಿಡಿಯಬೇಕು. ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲೇ ನೋಡುವವರ ಗಮನ ಎದ್ದುಕಾಣುವಂತೆ ಕುಸಿಯಿತು. 1948ರಲ್ಲಿ ಅವರು ಇದನ್ನು ಪ್ರಕಟಿಸಿದರು. ಕಣ್ಣು ತೆರೆದೇ ಇರುತ್ತದೆ, ಮನಸ್ಸು ಎದ್ದು ಹೋಗಿರುತ್ತದೆ. ಸೋಮಾರಿತನವೆಂದು ಬೈದು ಸರಿಪಡಿಸುವಂಥದ್ದಲ್ಲ ಇದು.

ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ರಾಜಾ ಪರಶುರಾಮನ್ ಈ ಎಳೆಯನ್ನು ಮುಂದಕ್ಕೆ ಒಯ್ದರು. 1993ರಲ್ಲಿ ಅವರೂ ಸಂಗಡಿಗರೂ ನಡೆಸಿದ ಪ್ರಯೋಗದ ಫಲಿತಾಂಶ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಯಂತ್ರ ಒಂದೇ ಸಮನೆ ನೆಚ್ಚುವಂತೆ ನಡೆದಷ್ಟೂ, ಅದು ತಪ್ಪಿದ ಗಳಿಗೆಯನ್ನು ಜನ ಗುರುತಿಸದೆ ಹೋಗುತ್ತಿದ್ದರು. ಆಗೀಗ ಏರುಪೇರಾಗುವ ಯಂತ್ರವನ್ನು ಕಾಯುವವರೇ ಹೆಚ್ಚು ಎಚ್ಚರವಾಗಿದ್ದರು. ಒಳ್ಳೆಯ ಯಂತ್ರವೇ ಕಾವಲುಗಾರನನ್ನು ಮಲಗಿಸುತ್ತದೆ! ಮದ್ದನ್ನೂ ಅವರ ತಂಡ ಹುಡುಕಿತು: ನಡುನಡುವೆ ಸ್ವಲ್ಪ ಹೊತ್ತು ಕೆಲಸವನ್ನು ಮನುಷ್ಯನ ಕೈಗೇ ಮರಳಿಸಿದರೆ, ಆಮೇಲೆ ಯಂತ್ರವನ್ನು ಗಮನಿಸುವ ಶಕ್ತಿಯೂ ಹಿಗ್ಗುತ್ತದೆ.

ಮಲೆನಾಡಿಗೆ ಈ ಮದ್ದು ಹೊಸದಲ್ಲ. ಹಂದಿ ಕಾಯಲು ಗದ್ದೆಯ ಮಾಳದಲ್ಲಿ ಕೂತವನು ಸುಮ್ಮನೆ ಕತ್ತಲು ನೋಡುತ್ತ ಕೂರುವುದಿಲ್ಲ. ಬೆಂಕಿ ಕೆದಕುತ್ತಾನೆ, ಡಬ್ಬ ಬಡಿಯುತ್ತಾನೆ, ಆಚೆ ಮಾಳದವನಿಗೆ ಕೂಗು ಹಾಕುತ್ತಾನೆ. ಕೂಗು ಹಂದಿಗೆ ಎಷ್ಟೋ ತನಗೂ ಅಷ್ಟೇ.

ವಿದ್ಯುದಾಗಾರಗಳಲ್ಲಿ ಗಂಟೆಗೊಮ್ಮೆ ರೀಡಿಂಗ್ ಬರೆಯುವ ರೂಢಿಯನ್ನು ನಾನು ಹಾಗೇ ಕಾಣುತ್ತೇನೆ. ಎದ್ದು ಹೋಗಬೇಕು, ಮೀಟರಿನ ಮುಂದೆ ನಿಲ್ಲಬೇಕು, ಬೇರಿಂಗಿನ ಬಿಸಿ, ಎಣ್ಣೆಯ ಮಟ್ಟ, ನೀರಿನ ಒತ್ತಡವನ್ನು ಕೈಯಾರೆ ಬರೆಯಬೇಕು. ಕಂಪ್ಯೂಟರ್ ಇವೆಲ್ಲವನ್ನೂ ಕ್ಷಣಕ್ಷಣಕ್ಕೂ ದಾಖಲಿಸಬಲ್ಲದು, ಇನ್ನು ಪುಸ್ತಕವೇಕೆ ಎನ್ನುವವರಿದ್ದಾರೆ. ಪುಸ್ತಕ ಇರಲೇಬೇಕು. ಆ ಬರಹದಿಂದ ಅಂಕಿ ಉಳಿಯುವುದು ಸಣ್ಣ ಲಾಭ, ಬರೆಯುವವನು ಎಚ್ಚರವಾಗಿ ಉಳಿಯುವುದು ದೊಡ್ಡದು. ಅಣೆಕಟ್ಟಿನ ಕಾವಲಿಗೂ ಇದೇ ಎಚ್ಚರ ಬೇಕು: ಗೇಟು ತೆರೆದರೆ ನೀರು ಇಳಿಯುವುದು ಗೇರುಸೊಪ್ಪೆಯ ಕಡೆಗೆ, ಹೊನ್ನಾವರದ ಹೊಳೆದಂಡೆಯ ತೋಟ-ಮನೆಗಳ ಕಡೆಗೆ. ಅಲ್ಲಿ ಮಲಗಿದವರ ನಿದ್ದೆ ಇಲ್ಲಿ ಕೂತವರ ಎಚ್ಚರವನ್ನು ನಂಬಿದೆ.

ಬೆಳಗಾಗುತ್ತಲೇ ಹೊಸ ಪಾಳಿ ಬರುತ್ತದೆ. ಪುಸ್ತಕದಲ್ಲಿ ಸಹಿ ಬಿದ್ದಮೇಲೂ ಹೋಗುವವರು ಬರುವವರೊಡನೆ ಎರಡು ಮಾತು ಆಡದೆ ಕದಲಬಾರದು. "ಅಲಾರಂ ಏನೂ ಬಂದಿಲ್ಲ. ಆದ್ರೂ ಆ ಬೇರಿಂಗ್ ಎರಡು ಗಂಟೆಯಿಂದ ಸ್ವಲ್ಪ ಸ್ವಲ್ಪವೇ ಬಿಸಿ ಏರ್ತಾ ಇದೆ, ನೋಡ್ಕಳಿ" ಎಂಬಂಥ ಮಾತು.